ಹನಿ ಸ್ಮ್ಯಾಕ್ಸ್, ಗೋಲ್ಡನ್ ಕ್ರಿಸ್ಪ್, ಇಲ್ಲವೇ ಬರೀ ಗೋಧಿ ಪುರಿ?

ಅಮೆರಿಕದಲ್ಲಿ ಬೆಳಗಿನ ತಿಂಡಿಗೆ ಹಾಲಿನಲ್ಲಿ ಹಾಕಿಕೊಳ್ಳುವ ಸಿಹಿ ಗೋಧಿ ಪುರಿ (ಉಬ್ಬಿಸಿದ ಗೋಧಿ) ಎಂದರೆ ಮುಖ್ಯವಾಗಿ ಎರಡು: ಕೆಲಾಗ್ಸ್ ಕಂಪನಿಯ ಹನಿ ಸ್ಮ್ಯಾಕ್ಸ್, ಪೋಸ್ಟ್ ಕಂಪನಿಯ ಗೋಲ್ಡನ್ ಕ್ರಿಸ್ಪ್. ಮೊದಲನೆಯದು 1953ರಲ್ಲಿ ‘ಶುಗರ್ ಸ್ಮ್ಯಾಕ್ಸ್’ ಆಗಿ ಬಂತು. ಎರಡನೆಯದು ಅದಕ್ಕೂ ಹಳೆಯದು, ಆಗ ‘ಶುಗರ್ ಕ್ರಿಸ್ಪ್’. 1980ರ ದಶಕದಲ್ಲಿ ಎರಡರ ಹೆಸರಿನಿಂದಲೂ ‘ಶುಗರ್’ ಹೋಯಿತು, ಸಕ್ಕರೆ ಹೋಗಲಿಲ್ಲ. 2008ರಲ್ಲಿ ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ ಹೋಲಿಸಿದಾಗ ಎರಡರಲ್ಲೂ ಅರ್ಧಕ್ಕಿಂತ ಹೆಚ್ಚು ತೂಕ ಸಕ್ಕರೆಯದೇ.

ಹಾಗಾಗಿ ಇವೆರಡರ ನಡುವೆ ಆಯ್ಕೆ ಬರೀ ರುಚಿಯದು. ಲೇಬಲ್ ನೋಡುವಾಗ ಬಟ್ಟಲಿನ ಲೆಕ್ಕ ನಂಬಬೇಡಿ, ಸಕ್ಕರೆಯ ಗ್ರಾಂ ಅನ್ನು ಸರ್ವಿಂಗ್‌ನ ತೂಕದಿಂದ ಭಾಗಿಸಿ: 27 ಗ್ರಾಂ ಸರ್ವಿಂಗ್‌ಗೆ 15 ಗ್ರಾಂ ಸಕ್ಕರೆ ಇದ್ದರೆ ಸುಮಾರು ಶೇ. 56.

ಮಕ್ಕಳಿಗೆ ದಿನಾ ಕೊಡುವುದಾದರೆ ಸಿಹಿಯಿಲ್ಲದ ಪುರಿಯೇ ಮೇಲು. 15 ಗ್ರಾಂ ಪುರಿಗೆ ಒಂದು ಚಮಚ (4 ಗ್ರಾಂ) ಸಕ್ಕರೆ ಹಾಕಿದರೂ ಸುಮಾರು ಶೇ. 21 ಅಷ್ಟೇ. ತೊಂದರೆ ಒಂದೇ: ಪಾಕದ ಲೇಪವಿಲ್ಲದ ಕಾಳು ಹಾಲು ಬೇಗ ಹೀರಿ ಮೆತ್ತಗಾಗುತ್ತದೆ. ಬಟ್ಟಲಿಗೆ ತಣ್ಣನೆ ಹಾಲು ಮೊದಲು ಹಾಕಿ, ಪುರಿಯನ್ನು ಎರಡು ಮೂರು ಸಲ ಸ್ವಲ್ಪಸ್ವಲ್ಪವೇ ಉದುರಿಸಿ. ಲೇಪವಿರುವುದು ತೇವ ತಾಗಿದರೆ ಅಂಟಿ ಗಟ್ಟಿಯಾಗುತ್ತದೆ; ಬಿಗಿ ಮುಚ್ಚಳದ ಡಬ್ಬಿ ಬೇಕೇ ಬೇಕು.