ಆಲ್ಪ್ಸ್‌ಗೆ ಹೊರಟಿರುವ ಬೆಂಗಳೂರಿನ ಸೈಕಲ್ ಸವಾರರೇ, ಕಿಲೋಮೀಟರ್ ಲೆಕ್ಕವನ್ನು ನಂಬಬೇಡಿ

"ನಾಲ್ಕನೇ ದಿನ: ಪ್ರಾತೊದಿಂದ ಬೋರ್ಮಿಯೊ, 46 ಕಿ.ಮೀ., ಸುಲಭದ ದಿನ." ಬೆಂಗಳೂರಿನ ಪ್ರವಾಸ ಸಂಯೋಜಕರೊಬ್ಬರು ಕೊಟ್ಟ ದಿನಚರಿಯಲ್ಲಿದ್ದ ಈ ಒಂದು ಸಾಲನ್ನು ನಂಬಿ ಹೊರಟ ನಮ್ಮ ಐವರ ತಂಡ, ಕಳೆದ ಆಗಸ್ಟ್ ಕೊನೆಯಲ್ಲಿ ಈ ಎರಡು ಊರುಗಳ ನಡುವಿನ, ಇಟಲಿಯ ಸ್ಟೆಲ್ವಿಯೊ ಘಾಟಿಯಲ್ಲಿ ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಯೋಜಕರ ಹೆಸರನ್ನು ಹೇಳುವುದಿಲ್ಲ. ಇದೇ ಮಾದರಿಯ ದಿನಚರಿಗಳನ್ನು ಮಾರುವವರು ಬೇರೆಯವರೂ ಇದ್ದಾರೆ. ಅವುಗಳಲ್ಲಿ ಏನನ್ನು ಬರೆದಿರುವುದಿಲ್ಲ ಎಂಬುದನ್ನು ನೀವು ತಿಳಿದುಕೊಂಡರೆ ಸಾಕು.

46 ಕಿಲೋಮೀಟರ್ ಎಂದರೆ ನಮಗೆ ಹೆಚ್ಚುಕಡಿಮೆ ಹೆಬ್ಬಾಳದಿಂದ ನಂದಿಬೆಟ್ಟದ ಬುಡದವರೆಗಿನ ದೂರ. ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹೋಗಿ ಮರಳುವವರು ನಾವು, ಅದನ್ನು ಓದಿ ನಕ್ಕಿದ್ದೆವು. ಆ ಸಾಲಿನಲ್ಲಿ ಇಲ್ಲದಿದ್ದುದು ಎತ್ತರದ ಲೆಕ್ಕ. ಪ್ರಾತೊ ಊರು ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ, ಅಂದರೆ ಸರಿಸುಮಾರು ನಮ್ಮ ಬೆಂಗಳೂರಿನಷ್ಟೇ ಎತ್ತರ. ಘಾಟಿಯ ನೆತ್ತಿ ಇರುವುದು 2,757 ಮೀಟರಿನಲ್ಲಿ. ನಡುವಿನ ಸುಮಾರು 24 ಕಿಲೋಮೀಟರಿನಲ್ಲಿ 1,800 ಮೀಟರಿಗೂ ಹೆಚ್ಚು ಏರಬೇಕು. ನಂದಿಯ ಏರು ಐನೂರು ಮೀಟರಿನೊಳಗೇ ಮುಗಿಯುತ್ತದೆ. ನಡುವೆ ಒಮ್ಮೆಯೂ ಇಳಿಯದೆ ನಾಲ್ಕು ನಂದಿಗಳನ್ನು ಒಂದರ ಮೇಲೊಂದು ಪೇರಿಸಿ ಹತ್ತಿದ ಹಾಗೆ ಇದು. ಅದೂ ಸೈಕಲ್ಲಿನ ಎರಡೂ ಬದಿಗೆ ಬ್ಯಾಗುಗಳನ್ನು ತೂಗುಹಾಕಿಕೊಂಡು.

ಈ ರಸ್ತೆ ಮೋಸ ಮಾಡುವ ಬಗೆಯೂ ಬೇರೆ. 1820ರಿಂದ 1825ರ ನಡುವೆ ಆಸ್ಟ್ರಿಯಾ ಸಾಮ್ರಾಜ್ಯಕ್ಕಾಗಿ ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರ್ ಇದನ್ನು ಕಟ್ಟಿದಾಗ ಕುದುರೆಗಾಡಿಗಳು ಹತ್ತಬೇಕಿತ್ತು, ಆದ್ದರಿಂದ ಎದೆಗೆ ಬಂದು ಬಡಿಯುವಂಥ ಕಡಿದಾದ ಏರು ಕಡಿಮೆ. ಬದಲಿಗೆ ಸರಾಸರಿ ಏಳು ಶೇಕಡಾ (ನೂರು ಮೀಟರಿಗೆ ಏಳು ಮೀಟರ್) ದಾಟುವ ಏರು ಗಂಟೆಗಟ್ಟಲೆ ಬಿಡದೆ ಸಾಗುತ್ತದೆ. 48 ಹೇರ್‌ಪಿನ್ ತಿರುವುಗಳಿಗೂ ಸಂಖ್ಯೆ ಬರೆದಿದ್ದಾರೆ. ತಿರುವಿನಲ್ಲಿ ಅರೆಕ್ಷಣ ಕಾಲಿಗೆ ಬಿಡುವು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಹೊರೆ ಹೊತ್ತ ಸಾಧಾರಣ ಸವಾರ ಗಂಟೆಗೆ 400 ಮೀಟರ್ ಏರುತ್ತಾನೆ ಎಂದಿಟ್ಟುಕೊಂಡರೂ, ನಿಲ್ಲದೆ ತುಳಿದರೆ ನಾಲ್ಕೂವರೆ ಗಂಟೆ ಬೇಕು. ಸಂಯೋಜಕರು ಗೊತ್ತುಮಾಡಿದ್ದ ಬಾಡಿಗೆ ಸೈಕಲ್ಲುಗಳು ತಡವಾಗಿ ಬಂದವು, ನಾವು ಹೊರಟಾಗ ಹತ್ತೂವರೆ. ತ್ರಾಫೊಯಿ ಎಂಬ ಹಳ್ಳಿ ತಲುಪಿದಾಗ ಒಂದು ಗಂಟೆ. ಅಲ್ಲಿ ಇನ್ನೂ 1,200 ಮೀಟರ್ ಏರು ಬಾಕಿ ಇತ್ತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬರು, "ಇಲ್ಲೇ ಉಳಿಯೋಣ, ನಾಳೆ ಬೆಳಿಗ್ಗೆ ಹತ್ತೋಣ" ಎಂದರು. ಬೋರ್ಮಿಯೊದಲ್ಲಿ ಕೋಣೆಗೆ ಪೂರ್ತಿ ಹಣ ಕಟ್ಟಿಯಾಗಿತ್ತು, ಅದು ಮರಳಿ ಬರುವಂತಿರಲಿಲ್ಲ. ಆ ಹಣದ ಮುಖ ನೋಡಿ ಮುಂದೆ ಹೋಗೋಣ ಎಂದವನು ನಾನೇ.

ನೆತ್ತಿ ತಲುಪಿದಾಗ ಐದು ಗಂಟೆ. ಬೇಸಿಗೆಯಲ್ಲಿ ಆಲ್ಪ್ಸ್‌ನ ಬೆಳಗು ಎಷ್ಟೇ ತಿಳಿಯಾಗಿದ್ದರೂ ಮಧ್ಯಾಹ್ನದ ಬಳಿಕ ಮೋಡ ಕಟ್ಟಿ ಗುಡುಗು ಮಳೆ ಬರುವುದು ಸಾಮಾನ್ಯ. ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ತಾಪಮಾನ ಇಳಿಯುತ್ತದೆ ಎಂದು ಶಾಲೆಯಲ್ಲಿ ಓದಿದ್ದನ್ನು ಅಂದು ಮೈಯಲ್ಲಿ ಅನುಭವಿಸಿದೆವು. ಕಣಿವೆಯಲ್ಲಿ 28 ಡಿಗ್ರಿ ಇದ್ದದ್ದು ಬರಿಯ ಎತ್ತರದ ಲೆಕ್ಕಕ್ಕೆ 16ಕ್ಕೆ ಬರಬೇಕಿತ್ತು. ಮಳೆ, ಗಾಳಿ ಸೇರಿ ನನ್ನ ಸೈಕಲ್ ಕಂಪ್ಯೂಟರ್ 6 ತೋರಿಸುತ್ತಿತ್ತು. ಬೆವರಿನಲ್ಲಿ ತೊಯ್ದ ಜರ್ಸಿ, ಬೆಂಗಳೂರಿನ ಜಡಿಮಳೆಗೆಂದು ಕೊಂಡ ತೆಳ್ಳನೆಯ ರೇನ್‌ಕೋಟು, ಬೆರಳು ತೆರೆದ ಕೈಗವಸು. ನೆತ್ತಿಯಲ್ಲಿ ಹೋಟೆಲುಗಳಿವೆ, ಬಿಸಿ ಸಾಸೇಜು ಮಾರುವ ಅಂಗಡಿಗಳಿವೆ. ಅಂಗಡಿಯವನೊಬ್ಬ ನಮ್ಮ ಅವಸ್ಥೆ ನೋಡಿ ಹಳೆಯ ವೃತ್ತಪತ್ರಿಕೆಗಳನ್ನು ತಂದುಕೊಟ್ಟು, ಎದೆಯ ಮೇಲೆ ಜರ್ಸಿಯೊಳಗೆ ತುರುಕಿಕೊಳ್ಳಿ ಎಂದು ಸನ್ನೆ ಮಾಡಿದ. ಗಾಳಿ ತಡೆಯಲು ಅಲ್ಲಿನ ಸವಾರರು ಹಿಂದಿನಿಂದ ಮಾಡುತ್ತ ಬಂದ ಉಪಾಯವದು. ಅಲ್ಲೇ ಒಂದು ಕೋಣೆ ಹಿಡಿಯುವ ಬುದ್ಧಿ ಆಗಲೂ ನಮಗೆ ಬರಲಿಲ್ಲ.

ನಾವು ನಂದಿಯಲ್ಲಿ ತಯಾರಿ ನಡೆಸಿದ್ದು ಹತ್ತುವುದಕ್ಕೆ ಮಾತ್ರ. ಅಲ್ಲಿನ ಇಳಿಜಾರು ಕಾಲು ಗಂಟೆಯ ಮಾತು, ಇಳಿದಷ್ಟೂ ಬಿಸಿಲು, ಕೆಳಗೆ ಕಾಫಿ. ಸ್ಟೆಲ್ವಿಯೊದಿಂದ ಬೋರ್ಮಿಯೊಗೆ ಸುಮಾರು 22 ಕಿಲೋಮೀಟರ್, 1,500 ಮೀಟರಿನಷ್ಟು ಇಳಿತ, ದಾರಿಯಲ್ಲಿ ಮತ್ತಷ್ಟು ತಿರುವುಗಳು ಮತ್ತು ನೀರು ಜಿನುಗುವ ಕಿರಿದಾದ ಹಳೆಯ ಸುರಂಗಗಳು. ಸವಾರ, ಸೈಕಲ್, ಹೊರೆ ಸೇರಿ 95 ಕಿಲೋ ಎನ್ನಿ. ಅಷ್ಟು ತೂಕ ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ನಾಲ್ಕು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ವೇಗವಾಗಿ ಇಳಿಯುವವನಿಗೆ ಅದರ ಬಹುಪಾಲು ಗಾಳಿಗೆ ಹೋಗುತ್ತದೆ. ಹೆದರಿ, ಮಳೆಯಲ್ಲಿ, ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡು ನಿಧಾನವಾಗಿ ಇಳಿಯುವವನಿಗೆ ಬಹುತೇಕ ಎಲ್ಲವೂ ಶಾಖವಾಗಿ, ಚಕ್ರದ ನಡುವಿನ ಅಂಗೈಯಗಲದ ಬ್ರೇಕ್ ಡಿಸ್ಕಿಗೆ ಮತ್ತು ಅದನ್ನು ಒತ್ತಿ ಹಿಡಿಯುವ ಎರಡು ಚಿಕ್ಕ ಪ್ಯಾಡುಗಳಿಗೆ ಸೇರುತ್ತದೆ. ನೇರ ರಸ್ತೆಯಲ್ಲಿ ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಟ್ಟು, ಡಿಸ್ಕು ತಣಿಯಲು ಅವಕಾಶ ಕೊಡಬೇಕು ಎಂಬುದನ್ನು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಬಾಡಿಗೆ ಸೈಕಲ್ಲುಗಳ ಪ್ಯಾಡುಗಳು ಮೊದಲೇ ಸವೆದಿದ್ದವು. ಏಳೆಂಟು ಕಿಲೋಮೀಟರ್ ಇಳಿಯುವಷ್ಟರಲ್ಲಿ ನನ್ನ ಹಿಂದಿನ ಬ್ರೇಕಿನ ಲಿವರ್ ಹ್ಯಾಂಡಲಿಗೆ ತಾಗುವಷ್ಟು ಒಳಗೆ ಬರುತ್ತಿತ್ತು, ಮತ್ತು ಅದನ್ನು ಒತ್ತುತ್ತಿರುವ ಬೆರಳುಗಳು ನನ್ನವೇ ಎಂಬುದು ನನಗೆ ತಿಳಿಯುತ್ತಿರಲಿಲ್ಲ.

ಅದೇ ಇಳಿಜಾರಿನಲ್ಲಿ ನಮ್ಮ ತಂಡದ ಗೆಳೆಯನೊಬ್ಬ ಬಿದ್ದ. ಅದಕ್ಕೆ ಕಾರಣ ಇನ್ನೊಂದು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಚಕ್ರದ ಬ್ರೇಕು. ಯುರೋಪಿನ ಆ ಭಾಗದ ಸೈಕಲ್ಲುಗಳಲ್ಲಿ ಹೆಚ್ಚಾಗಿ ಎಡಗೈಯದು. ಹಗಲಿಡೀ ಹತ್ತುವಾಗ ಬ್ರೇಕಿನ ಕೆಲಸವೇ ಇರಲಿಲ್ಲವಾದ್ದರಿಂದ ಕೈಗೆ ಅದು ರೂಢಿಯಾಗಲಿಲ್ಲ. ಒದ್ದೆಯಾದ ತಿರುವಿನಲ್ಲಿ ಎದುರಿಗೆ ಕಾರು ಬಂದಾಗ, ಮೊದಲೇ ರಸ್ತೆಯ ಬಲಬದಿಯಲ್ಲಿ ಓಡಿಸುವ ಗೊಂದಲದಲ್ಲಿದ್ದ ಅವನು, ಹಿಂದಿನ ಬ್ರೇಕೆಂದುಕೊಂಡು ಎಡಗೈಯನ್ನು ಬಿಗಿಯಾಗಿ ಒತ್ತಿದ. ಮುಂದಿನ ಚಕ್ರ ಜಾರಿತು. ಕಾಲರ್‌ಬೋನ್ ಮುರಿಯಿತು, ಕಾರಿನವನು ನಿಲ್ಲಿಸಿದ್ದರಿಂದ ಅಷ್ಟಕ್ಕೇ ಮುಗಿಯಿತು. ಆ ಕಾರಿನವನೇ ತುರ್ತು ಸಂಖ್ಯೆ 112ಕ್ಕೆ ಕರೆಮಾಡಿದ, ಅರ್ಧ ಗಂಟೆಯ ಮೇಲೆ ಆಂಬುಲೆನ್ಸ್ ಬಂತು.

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯುರೊ ರಕ್ಷಣೆಯ ವಿಮೆ ಕಡ್ಡಾಯ, ಅದು ನಮ್ಮೆಲ್ಲರ ಬಳಿಯೂ ಇತ್ತು. ಆದರೆ ಆ ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿದ್ದರು, ಘಾಟಿಯ ಸೈಕಲ್ ಸವಾರಿ ಅದರಲ್ಲಿ ಸೇರುತ್ತದೆಯೋ ಇಲ್ಲವೋ ಎಂಬ ಪತ್ರವ್ಯವಹಾರ ಇನ್ನೂ ನಡೆದಿದೆ. ಹೊರಡುವ ಮುನ್ನ ಸೈಕಲ್ ಪ್ರವಾಸ ಎಂಬ ಮಾತು ಪಾಲಿಸಿಯಲ್ಲಿ ಇರುವಂತೆ ಬರಹದಲ್ಲಿ ಪಡೆದುಕೊಳ್ಳಿ.

ಯಾವುದೇ ದಿನಚರಿ ಕೈಗೆ ಬಂದರೂ ದಿನಕ್ಕೆ ಎಷ್ಟು ಮೀಟರ್ ಏರು, ನೆತ್ತಿಯನ್ನು ಎಷ್ಟು ಗಂಟೆಗೆ ದಾಟುತ್ತೇವೆ, ಅರ್ಧದಲ್ಲಿ ನಿಲ್ಲಬೇಕಾದರೆ ಎಲ್ಲಿ ಉಳಿಯುತ್ತೇವೆ ಎಂದು ಕೇಳಿ. ಜಿನೀವಾ ಸರೋವರದ ದಂಡೆಯ ಥೊನೊನ್‌ನಿಂದ ನೀಸ್‌ವರೆಗಿನ ಫ್ರೆಂಚ್ ಆಲ್ಪ್ಸ್ ಮಾರ್ಗ 700 ಕಿಲೋಮೀಟರಿಗೂ ಹೆಚ್ಚು. ದಿನಕ್ಕೆ ನೂರರಂತೆ ಏಳೆಂಟು ದಿನ ಎಂದು ಮಾರಿದರೆ ಕೇಳಲು ಇಂಪು, ಆದರೆ ಅದರಲ್ಲಿ 16,000 ಮೀಟರಿಗೂ ಹೆಚ್ಚು ಏರಿದೆ. ಬಾಡಿಗೆ ಸೈಕಲ್ ಪಡೆದ ಕೂಡಲೇ ಪ್ಯಾಡುಗಳನ್ನು ನೋಡಿ, ಸವೆದಿದ್ದರೆ ಬದಲಾಯಿಸದೆ ಹೊರಡಬೇಡಿ, ಬ್ರೇಕುಗಳನ್ನು ಬಲ-ಎಡ ಅದಲುಬದಲು ಮಾಡಿಸಿ. ಪೂರ್ತಿ ಬೆರಳಿನ ಕೈಗವಸು ಮತ್ತು ಒಣಗಿದ ಒಂದು ಜೊತೆ ಬಟ್ಟೆ ಬ್ಯಾಗಿನ ಮೇಲ್ಭಾಗದಲ್ಲೇ ಇರಲಿ, ನಮ್ಮದು ತಳದಲ್ಲಿತ್ತು. ಪ್ರಾತೊ ಇರುವ ದಕ್ಷಿಣ ತಿರೋಲ್ ಪ್ರಾಂತ್ಯದಲ್ಲಿ ಊರುಗಳಿಗೆ ಇಟಾಲಿಯನ್ ಮತ್ತು ಜರ್ಮನ್ ಎರಡೂ ಹೆಸರುಗಳಿವೆ. ಪ್ರಾತೊ ಎಂದರೂ ಪ್ರಾದ್ ಎಂದರೂ ಒಂದೇ, ನಾವು ಇದರಿಂದಲೂ ಒಮ್ಮೆ ದಾರಿ ತಪ್ಪಿದೆವು. ಮೊದಲ ಸಲ ಹೋಗುವವರಿಗೆ ರೆಶೆನ್ ಸರೋವರದಿಂದ, ನೀರಿನ ನಡುವೆ ಚರ್ಚಿನ ಗೋಪುರವೊಂದೇ ನಿಂತಿರುವ ಜಾಗದಿಂದ, ಮೆರಾನೊವರೆಗೆ ಇಳಿಯುವ ಸೈಕಲ್ ದಾರಿಯೇ ಸಾಕಷ್ಟು ಸುಂದರ. ಆ ದಾರಿಯಲ್ಲಿರುವ ಮಾಲ್ಸ್ ಊರಿನಿಂದ ಕೆಳಕ್ಕೆ ಪಕ್ಕದಲ್ಲೇ ರೈಲೂ ಇದೆ.

ಊರಿಗೆ ಬಂದ ಮೇಲೆ ಸಂಯೋಜಕರಿಗೆ ಫೋನ್ ಮಾಡಿ, ದಿನಚರಿಯಲ್ಲಿ ಏರಿನ ಲೆಕ್ಕವನ್ನಾದರೂ ಸೇರಿಸಿ ಎಂದು ಕೇಳಿಕೊಂಡೆ. "ಅದನ್ನೆಲ್ಲ ಬರೆದರೆ ಯಾರು ಸಾರ್ ಬುಕ್ ಮಾಡ್ತಾರೆ?" ಎಂದರು. ಮುಂದಿನ ಬೇಸಿಗೆಗೆಂದು ಅವರು ಹಂಚುತ್ತಿರುವ ಪ್ರತಿಯಲ್ಲಿ ನಾಲ್ಕನೇ ದಿನ ಈಗಲೂ 46 ಕಿಲೋಮೀಟರಿನ ಸುಲಭದ ದಿನವಾಗಿಯೇ ಇದೆ.