ಹಳೇ ಮನೆ, ಎತ್ತರದ ಸೀಲಿಂಗು, ಕೈಗೆಟುಕದ ಕಪಾಟು: ಕಿಚನ್‌ಗೆ ಅಡ್ವಾನ್ಸ್ ಕೊಡೋ ಮುಂಚೆ ಓದಿ

ಸೀಲಿಂಗು ಹನ್ನೊಂದು ಹನ್ನೆರಡು ಅಡಿ ಇರೋ ಮನೇಲಿ ಮಾಡ್ಯುಲರ್ ಕಿಚನ್ ಮಾಡಿಸ್ಬೇಕು ಅಂತಿರೋರು ದಯವಿಟ್ಟು ಪೂರ್ತಿ ಓದಿ. "ಸೀಲಿಂಗ್‌ವರೆಗೂ ತುಂಬಿಸ್ಬಿಡೋಣ ಸರ್, ಸ್ಟೋರೇಜ್‌ಗೆ ಸ್ಟೋರೇಜು, ಲುಕ್ಕಿಗೆ ಲುಕ್ಕು" ಅಂತ ಯಾರಾದ್ರೂ ಅಂದ್ರೆ ಅಲ್ಲೇ ನಿಲ್ಸಿ. ಗೋಡೆ ಯಾವ ಥರದ್ದು, ಅಡುಗೆ ಮಾಡೋರ ಕೈ ಎಲ್ಲಿವರ್ಗೂ ಹೋಗತ್ತೆ, ಇವೆರಡನ್ನ ಅವ್ರು ಕೇಳಿದಾರಾ ನೋಡಿ. ನಮ್ಮನೆಗೆ ಬಂದೋರು ಎರಡನ್ನೂ ಕೇಳ್ಲಿಲ್ಲ, ಕಲರ್ ಮಾತ್ರ ಕೇಳಿದ್ರು.

ಮನೆ ಮೈಸೂರಲ್ಲಿರೋದು, ತಾತ ಕಟ್ಸಿದ್ದು, ಮದ್ರಾಸ್ ಟೆರೇಸ್. ಅಂದ್ರೆ ಮರದ ತೊಲೆ, ತೊಲೆ ಮೇಲೆ ಜಂತೆ, ಜಂತೆ ಮೇಲೆ ಸಣ್ಣ ಇಟ್ಟಿಗೆಗಳನ್ನ ಓರೆಯಾಗಿ ನಿಲ್ಸಿ ಸುಣ್ಣದ ಗಾರೆ ಹಾಕಿರೋ ಚಾವಣಿ. ಗೋಡೆನೂ ಇಟ್ಟಿಗೆ, ಸುಣ್ಣದ ಗಾರೆ. ಅಡುಗೆಮನೇಲಿ ನೆಲದಿಂದ ತೊಲೆಗೆ 12 ಅಡಿ. ಕೆಲಸ ತಗೊಂಡವ್ರು ಬರೀ ಅಪಾರ್ಟ್‌ಮೆಂಟ್ ಕಿಚನ್ ಮಾಡ್ಕೊಂಡು ಬಂದಿರೋ ಪಾರ್ಟಿ (ಹೆಸರು ಹಾಕಲ್ಲ, ಕೇಳ್ಬೇಡಿ). ಅಪಾರ್ಟ್‌ಮೆಂಟಲ್ಲಿ ಒಂಬತ್ತೂವರೆ ಹತ್ತು ಅಡಿ ಸೀಲಿಂಗು, ಲೆಕ್ಕ ಅವ್ರಿಗೆ ಬಾಯಿಪಾಠ. ನೆಲದಿಂದ ಕಟ್ಟೆ 34 ಇಂಚು, ಕಟ್ಟೆಯಿಂದ ಓವರ್‌ಹೆಡ್ (ಕಟ್ಟೆ ಮೇಲ್ಗಡೆ ಗೋಡೆಗೆ ತೂಗುಹಾಕೋ ಕಪಾಟು) ಬುಡಕ್ಕೆ 24 ಇಂಚು, ಓವರ್‌ಹೆಡ್ ಎರಡೂವರೆ ಅಡಿ, ಮೇಲೆ ಲಾಫ್ಟು, ಮುಗೀತು. ನಮ್ಮನೆಗೆ ಬಂದಾಗ ಮೇಲೆ ಅಷ್ಟು ಖಾಲಿ ಜಾಗ ನೋಡಿ ಆ ಡಿಸೈನರ್ ಹುಡುಗನಿಗೆ ಏನನ್ನಿಸ್ತೋ, ಪ್ರಪೋರ್ಷನ್ ಚೆನ್ನಾಗಿ ಕಾಣ್ಬೇಕು ಅಂತ ಓವರ್‌ಹೆಡ್‌ನ ಕಟ್ಟೆಯಿಂದ 34 ಇಂಚು ಮೇಲಕ್ಕೆ ಎತ್ತಿ, ಅಲ್ಲಿಂದ ತೊಲೆವರ್ಗೂ ಮೂರು ಸಾಲು ಬಾಕ್ಸ್ ಜೋಡ್ಸಿದ. ತ್ರೀಡಿ ಚಿತ್ರದಲ್ಲಿ ಏನೋ ಸಖತ್ತಾಗಿತ್ತು. ಆದ್ರೆ ಆ ಚಿತ್ರದಲ್ಲಿ ಒಂದೇ ಒಂದು ಅಳತೆ ಇರ್ಲಿಲ್ಲ, ಅಳತೆ ಹಾಕಿರೋ ಡ್ರಾಯಿಂಗ್ ಕೊಡಿ ಅಂದ್ರೆ "ಅದು ಫ್ಯಾಕ್ಟ್ರಿಗೆ ಹೋಗೋದು ಸರ್" ಅಂದ್ರು.

ಈಗ ಲೆಕ್ಕ ಹಾಕಿ. 34 ಪ್ಲಸ್ 34, ಅಂದ್ರೆ ಮೊದಲನೇ ಶೆಲ್ಫೇ ನೆಲದಿಂದ 5 ಅಡಿ 8 ಇಂಚು. ನಮ್ಮಮ್ಮ ಐದೇ ಅಡಿ. ಬರೀ ಗೋಡೆ ಮುಂದೆ ನಿಂತು ಕೈ ಎತ್ತಿದ್ರೆ ಆರಡಿ ದಾಟತ್ತೆ ನಿಜ, ಆದ್ರೆ ಮುಂದೆ ಎರಡಡಿ ಅಗಲದ ಗ್ರಾನೈಟ್ ಕಟ್ಟೆ ಇದೆಯಲ್ಲ, ಅದರ ಮೇಲಿಂದ ಬಗ್ಗಿ ಕೈ ಚಾಚಿದ್ರೆ ಮೊದಲ ಶೆಲ್ಫಿನ ಅಂಚು ಸಿಗತ್ತೆ ಅಷ್ಟೇ, ಹಿಂದಿರೋ ಸಾಂಬಾರ್ ಪುಡಿ ಡಬ್ಬ ಸಿಗಲ್ಲ, ಅದಕ್ಕೆ ಬೆರಳ ತುದೀಲಿ ತಟ್ಟಿ ತಟ್ಟಿ ಮುಂದಕ್ಕೆ ಎಳ್ಕೋಬೇಕು. ಎರಡನೇ ಸಾಲಿಗೆ ಮೇಲಕ್ಕೆ ತೆಗೆಯೋ ಬಾಗಿಲು, ಬಾಗಿಲನ್ನ ತಾನಾಗೇ ಮೇಲೆತ್ತಿ ಹಿಡಿಯೋ ಗ್ಯಾಸ್ ಪಂಪ್ ಹಾಕಿರೋದು. ಸ್ಟೂಲ್ ಹತ್ತಿ ತೆಗೆದ್ವಿ ಅಂತಿಟ್ಕೊಳ್ಳಿ, ಬಾಗಿಲು ಇನ್ನೂ ಎರಡಡಿ ಮೇಲೆ ಹೋಗಿ ನಿಲ್ಲತ್ತೆ, ಮುಚ್ಚೋಕೆ ಹ್ಯಾಂಡಲ್ ಯಾರ ಕೈಗೂ ಸಿಗಲ್ಲ. ಉರಿಯೋ ಒಲೆ ಪಕ್ಕ ಸ್ಟೂಲ್ ಹತ್ತೋದು ಬೇರೆ. "ಅಡುಗೆಮನೆ ನಂದೋ, ಆ ಹುಡುಗನ ಲ್ಯಾಪ್‌ಟಾಪಿಂದೋ" ಅಂತ ಅಮ್ಮ ಕೇಳಿದ್ರು.

ಮೂರನೇ ಸಾಲಿಗೆ "ಹಬ್ಬದ ಪಾತ್ರೆ ಇಟ್ಕೊಳ್ಳಿ ಆಂಟಿ" ಅಂದಿದ್ರು. ಬಾಕ್ಸಿನ ಆಳ ಒಂದಡಿ. ಯಾವ ಹಬ್ಬದ ಪಾತ್ರೆ ಒಂದಡೀಲಿ ಕೂರತ್ತೆ ಸ್ವಾಮಿ? ಕೊಪ್ಪರಿಗೆ, ದೊಡ್ಡ ಬಾಣಲೆ, ಇಡ್ಲಿ ಪಾತ್ರೆ ಎಲ್ಲ ಹೊರಗೇ ಉಳೀತು.

ಇದನ್ನ ಯಾಕೆ ಒತ್ತಿ ಒತ್ತಿ ಮಾರ್ತಾರೆ ಅಂದ್ರೆ ಬಿಲ್ ಆಗೋದು ಎದುರಿಂದ ಕಾಣೋ ಅಗಲ ಇಂಟು ಎತ್ತರದ ಮೇಲೆ. ನಮ್ಮ ಗೋಡೆ 10 ಅಡಿ ಅಗಲ, ಬಾಕ್ಸ್ ಇರೋ ಎತ್ತರ 76 ಇಂಚು, ಹತ್ರ ಹತ್ರ 63 ಚದರಡಿ. ಸುಮ್ನೆ ಎರಡೂವರೆ ಅಡಿ ಎತ್ತರದ ಒಂದೇ ಸಾಲು ಹಾಕಿದ್ರೆ 25 ಚದರಡೀಲಿ ಮುಗೀತಿತ್ತು. ಉಪಯೋಗಕ್ಕೆ ಬರೋದು ಎಷ್ಟು ಅನ್ನೋದು ಯಾವ ಕೊಟೇಶನ್‌ನಲ್ಲೂ ಬರಲ್ಲ.

ಇಷ್ಟೇ ಆಗಿದ್ರೆ ಬೈಕೊಂಡು ಸುಮ್ನಿರ್ತಿದ್ವಿ. ಗೋಡೆ ವಿಷ್ಯ ಕೇಳಿ. ಇವ್ರು ಬಾಕ್ಸ್ ತೂಗುಹಾಕಿದ್ದು ಮಾಮೂಲಿ ಆಂಕರ್ ಫಾಸ್ನರ್‌ನಲ್ಲಿ, ಕಾಂಕ್ರೀಟ್‌ಗೆ ಹಾಕ್ತಾರಲ್ಲ ಅದೇ. ಅದು ಕೆಲಸ ಮಾಡೋದು ಹೇಗೆ ಅಂದ್ರೆ ತೂತೊಳಗೆ ಹಿಗ್ಗಿ ಸುತ್ತಲಿನ ಗಟ್ಟಿ ಜಾಗನ ಕಚ್ಕೊಳ್ಳತ್ತೆ. ಹಳೇ ಸುಣ್ಣದ ಗಾರೇಲಿ ಕಚ್ಕೊಳ್ಳೋಕೆ ಏನೂ ಇಲ್ಲ, ಹಿಗ್ಗಿದಷ್ಟೂ ಗಾರೆ ಪುಡಿಯಾಗತ್ತೆ. ಡ್ರಿಲ್ ಮಾಡುವಾಗ್ಲೇ ಬಿಳಿ ಪುಡಿ ಸುರೀತಿತ್ತು, ಕೆಂಪು ಇಟ್ಟಿಗೆ ಪುಡಿ ಬರೋದೇ ಕಮ್ಮಿ, ಅಂದ್ರೆ ಡ್ರಿಲ್ ಬಿಟ್ ಇಟ್ಟಿಗೇಲಿ ಇಳಿಯದೆ ಗಾರೇಲೇ ಇಳೀತಿದೆ ಅಂತ ಅರ್ಥ. ಕೆಲಸದೋರಿಗೆ ಅದು ಗೊತ್ತಾಗ್ಬೇಕಿತ್ತು. ಮೊದ್ಲು ಎರಡು ಬಾಗಿಲ ನಡುವಿನ ಸಂದಿ ಮೇಲ್ಗಡೆ ಅಗಲ ಆಯ್ತು. ಕರೆದಾಗ ಬಂದು ಹಿಂಜ್ ಟೈಟ್ ಮಾಡಿ ಹೋದ್ರು. ಮತ್ತೆ ಅದೇ ಕಥೆ, ಮತ್ತೆ ಹಿಂಜು. ಆಮೇಲೆ ಒಂದಿನ ಟಾರ್ಚ್ ಹಿಡ್ಕೊಂಡು ಏಣಿ ಹತ್ತಿ ನೋಡಿದ್ರೆ ನಡುವಿನ ಬಾಕ್ಸಿನ ಮೇಲ್ಭಾಗ ಗೋಡೆಯಿಂದ ಬೆರಳು ತೂರೋಷ್ಟು ಬಿಟ್ಕೊಂಡಿದೆ! ಒಳಗಿದ್ದ ಗಾಜಿನ ಜಾಡಿ, ಸ್ಟೀಲ್ ಡಬ್ಬ ಎಲ್ಲ ಅವತ್ತೇ ಇಳ್ಸಿದ್ವಿ. ಬಿಚ್ಚೋಕೆ ಬಂದ ಹಳೇ ಮೇಸ್ತ್ರಿ ಫಾಸ್ನರ್‌ನ ಸ್ಪ್ಯಾನರ್ ಹಾಕ್ದೇನೇ ಬರೀ ಎರಡು ಬೆರಳಲ್ಲಿ ಎಳೆದ್ರು, ಸುಣ್ಣದ ಪುಡಿ ಸಮೇತ ಕೈಗೆ ಬಂತು. ಕೆಳಗೆ ಅಮ್ಮ ನಿಂತ್ಕೊಂಡು ತರಕಾರಿ ಹೆಚ್ಚೋ ಜಾಗ ಅದು.

ಕಂಪ್ಲೇಂಟ್ ಮಾಡಿದ್ರೆ ಉತ್ತರ ಏನ್ಗೊತ್ತಾ, "ವಾರಂಟಿ ಪ್ಲೈವುಡ್‌ಗೆ, ಹಾರ್ಡ್‌ವೇರ್‌ಗೆ ಸರ್, ನಿಮ್ಮ ಗೋಡೆ ವೀಕು." ಗೋಡೆ ವೀಕು ಅಂತ ದುಡ್ಡು ತಗೊಳ್ಳೋ ಮುಂಚೆ ನೋಡೋದು ಯಾರ ಕೆಲಸ?

ಇನ್ನು ವೆಂಟಿಲೇಟರ್. ಹಳೇ ಮನೆಗಳಲ್ಲಿ ಸೀಲಿಂಗ್ ಹತ್ರ ಗವಾಕ್ಷಿ ಇಟ್ಟಿರೋದು ಸುಮ್ನೆ ಅಲ್ಲ, ಬಿಸಿ ಗಾಳಿ ಹೊಗೆ ಎಲ್ಲ ಮೇಲೇರಿ ಅಲ್ಲಿಂದ ಹೊರಗೆ ಹೋಗ್ಲಿ ಅಂತ. ಮೂರನೇ ಸಾಲು ಅದನ್ನೇ ಮುಚ್ಚಿಬಿಡ್ತು. ಚಿಮ್ನಿ ಇದೆಯಲ್ಲ ಅಂದ್ರು, ಆದ್ರೆ ಅದರ ಪೈಪನ್ನ ಬಾಕ್ಸುಗಳ ಸಂದೀಲಿ ಸುತ್ತಿಸಿ ಬಳಸಿ ಹೊರಗೆ ಬಿಟ್ಟಿದಾರೆ, ಪೈಪ್ ಉದ್ದ ಆದಷ್ಟೂ ತಿರುವು ಜಾಸ್ತಿ ಆದಷ್ಟೂ ಎಳೆಯೋದು ಕಮ್ಮಿ. ಒಗ್ಗರಣೆ ಘಾಟು ದೇವರಮನೆವರ್ಗೂ.

ಮೇಲ್ಗಡೆ ಜಂತೆ ಒಂದು ಮಟ್ಟದಲ್ಲಿ ಇರ್ಲಿಲ್ಲ, ಆ ಸಂದಿಗೆ ಪಟ್ಟಿ ಹೊಡೆದು ಸಿಲಿಕಾನ್ ಬಳಿದು ಮುಚ್ಚಿದ್ರು. ಮದ್ರಾಸ್ ಟೆರೇಸ್ ಮಳೆಗಾಲದಲ್ಲಿ ಎಲ್ಲಾದ್ರೂ ಒಂದ್ಕಡೆ ಜಿನುಗತ್ತೆ, ಮುಂಚೆ ಕಲೆ ಕಂಡ ತಕ್ಷಣ ಮೇಲೆ ಹೋಗಿ ಸರಿ ಮಾಡಿಸ್ತಿದ್ವಿ, ಬಾಕ್ಸ್ ಹಾಕಿದ್ಮೇಲೆ ಅದು ಕಾಣ್ತಾನೇ ಇರ್ಲಿಲ್ಲ. ಬಿಚ್ಚಿದಾಗ ಹಿಂದಿನ ಹಲಗೆ ಉಬ್ಬಿ ಬೂಷ್ಟು ಹಿಡಿದಿತ್ತು. ಗೆದ್ದಲು ಹತ್ತಿದ್ರೂ ಹಿಂಗೇ ಕಾಣ್ತಿರ್ಲಿಲ್ಲ.

ಹಾಗಾಗಿ ಎತ್ತರದ ಸೀಲಿಂಗ್ ಇರೋರು ಸೀಲಿಂಗ್‌ನ ಮರೆತುಬಿಡಿ. ಅಡುಗೆ ಮಾಡೋರನ್ನ ಕಟ್ಟೆ ಮುಂದೆ ಚಪ್ಪಲಿ ಇಲ್ದೆ ನಿಲ್ಸಿ, ಹಿಮ್ಮಡಿ ಎತ್ತದೆ ಕೈ ಎಲ್ಲಿಗೆ ಹೋಗತ್ತೋ ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಗುರ್ತು ಮಾಡಿ, ದಿನಾ ಬೇಕಾಗೋ ಶೆಲ್ಫು ಅದಕ್ಕಿಂತ ಕೆಳಗೇ ಇರ್ಬೇಕು. ಕಟ್ಟೆ ಇನ್ನೂ ಆಗಿಲ್ಲ ಅಂದ್ರೆ ಅಷ್ಟೇ ಅಗಲದ ಟೇಬಲ್ ಇಟ್ಟು ನೋಡಿ. ಹಳೇ ನೆಲದ ಮೇಲೇ ಟೈಲ್ಸ್ ಹಾಕ್ಸೋದಾದ್ರೆ ಅಳತೆ ಟೈಲ್ಸ್ ಮೇಲಿಂದ. ಪ್ರತಿ ಶೆಲ್ಫೂ ನೆಲದಿಂದ ಎಷ್ಟು ಇಂಚು ಅಂತ ಬರೆದಿರೋ ಡ್ರಾಯಿಂಗ್‌ಗೆ ಸಹಿ ಹಾಕ್ಸ್ಕೊಳ್ದೆ ಒಂದು ರೂಪಾಯಿನೂ ಕೊಡ್ಬೇಡಿ. ಗಾರೆ ಗೋಡೆ ಆದ್ರೆ ಒಂದು ಮೂಲೇಲಿ ಪ್ಲಾಸ್ಟರ್ ಕೆತ್ತಿಸಿ ಒಳಗೇನಿದೆ ನೋಡಿ, ತೂತು ಇಟ್ಟಿಗೆ ಮಧ್ಯಕ್ಕೆ ಬೀಳ್ಬೇಕು, ಗಾರೆ ಸಂದಿಗಲ್ಲ. ಭಾರ ಹಂಚೋಕೆ ಉದ್ದದ ರೈಲ್ (ಬಾಕ್ಸ್ ತೂಗುಹಾಕೋ ಲೋಹದ ಪಟ್ಟಿ) ಹಾಕ್ಸಿ, ಕೆಮಿಕಲ್ ಆಂಕರ್ ಕೇಳಿ, ಅಂದ್ರೆ ಹಿಗ್ಗೋ ಬದ್ಲು ತೂತೊಳಗೆ ಅಂಟು ತುಂಬಿ ಕೂರ್ಸೋದು. ಅದಕ್ಕಿಂತ ಒಳ್ಳೇದು ಭಾರದ ಸಾಮಾನೆಲ್ಲ ನೆಲದ ಮೇಲೆ ನಿಲ್ಲೋ ಟಾಲ್ ಯೂನಿಟ್‌ಗೆ ಹಾಕೋದು, ಭಾರ ನೆಲಕ್ಕೆ ಹೋಗತ್ತೆ, ಗೋಡೆಗೆ ಅದು ಮುಂದಕ್ಕೆ ವಾಲದ ಹಾಗೆ ಹಿಡ್ಕೊಳ್ಳೋದಷ್ಟೇ ಕೆಲಸ.

ನಮ್ಮನೇಲಿ ಈಗ ಮೇಲಿನ ಎರಡು ಸಾಲೂ ಬಿಚ್ಚಿಟ್ಟಿದೀವಿ, ಗವಾಕ್ಷಿ ತೆರೆದಿದೆ. ಕೆಳಗಿನ ಸಾಲನ್ನ 10 ಇಂಚು ಇಳಿಸಿ ಮತ್ತೆ ಕೂರಿಸ್ಬೇಕು. ಮೈಸೂರು ಕಡೆ ಸುಣ್ಣದ ಗಾರೆ ಗೋಡೆ ಮೇಲೆ ಕೆಲಸ ಮಾಡಿ ಅನುಭವ ಇರೋ ಕಾರ್ಪೆಂಟರ್ ಯಾರಾದ್ರೂ ಗೊತ್ತಿದ್ರೆ ಮೆಸೇಜ್ ಮಾಡಿ. ತ್ರೀಡಿ ತೋರ್ಸೋರು ಬೇಡ.