ಕೈಯ ಲಿವರ್, ಕ್ಯಾಮೆರಾದ ಆಟೋ ಹೈ ಬೀಮ್, ಮ್ಯಾಟ್ರಿಕ್ಸ್ ದೀಪ: ರಾತ್ರಿ ಚಾಲನೆಯಲ್ಲಿ ಮೂರರ ಹೋಲಿಕೆ

ಕತ್ತಲ ರಸ್ತೆಯಲ್ಲಿ ದೂರಕ್ಕೆ ಬೆಳಕು ಚೆಲ್ಲುವ ಹೈ ಬೀಮ್ ಮತ್ತು ಹತ್ತಿರಕ್ಕಷ್ಟೇ ಬೆಳಕು ಬೀಳಿಸುವ ಲೋ ಬೀಮ್‌ಗಳನ್ನು ಅದಲುಬದಲು ಮಾಡುವುದಕ್ಕೆ ಇಂದು ಮೂರು ದಾರಿಗಳಿವೆ. ಸ್ಟೀರಿಂಗ್ ಪಕ್ಕದ ಲಿವರನ್ನು ಚಾಲಕನೇ ತಳ್ಳಿ ಎಳೆಯುವುದು ಹಳೆಯ ಕ್ರಮ. ಮುಂಗಾಜಿನ ಹಿಂದೆ ಕೂತ ಕ್ಯಾಮೆರಾ ಎದುರಿನ ಬೆಳಕನ್ನು ಕಂಡು ಹೈ ಬೀಮನ್ನು ಪೂರ್ತಿ ಹೊತ್ತಿಸುವುದು ಅಥವಾ ಪೂರ್ತಿ ಆರಿಸುವುದು ಎರಡನೆಯದು. ಹೈ ಬೀಮ್ ಹೊತ್ತಿದ್ದಂತೆಯೇ ಎದುರಿನ ವಾಹನವಿರುವ ಭಾಗವನ್ನಷ್ಟೇ ಕತ್ತಲಾಗಿಸುವ ಮ್ಯಾಟ್ರಿಕ್ಸ್ ದೀಪ ಮೂರನೆಯದು. ಈ ಮೂರನ್ನೂ ಮೂರು ಬೇರೆ ಕಾರುಗಳಲ್ಲಿ, ಬಹುಮಟ್ಟಿಗೆ ಒಂದೇ ರಸ್ತೆಗಳಲ್ಲಿ, ಸಾಕಷ್ಟು ಕಾಲ ಬಳಸಿ ನೋಡಿದ್ದೇನೆ. ಮೂರರಲ್ಲೂ ಎಲ್‌ಇಡಿ ದೀಪಗಳೇ ಇದ್ದುದರಿಂದ ಬೆಳಕಿನ ಗುಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವೆಲ್ಲ ಇದ್ದುದು ದೀಪ ಯಾವಾಗ ಬದಲಾಗಬೇಕೆಂದು ತೀರ್ಮಾನಿಸುವವರು ಯಾರು ಎಂಬುದರಲ್ಲಿ. ತಂತ್ರಜ್ಞಾನದ ಮಟ್ಟ ಏರಿದಂತೆ ಅನುಕೂಲವೂ ಏರುತ್ತದೆ ಎಂದು ಭಾವಿಸುವುದು ಸಹಜ, ಆದರೆ ನನ್ನ ಅನುಭವದಲ್ಲಿ ನಡುವಿನ ಆಯ್ಕೆಯೇ ಕೊನೆಯ ಸ್ಥಾನಕ್ಕೆ ಇಳಿಯಿತು.

ಹೈ ಬೀಮ್ ಬೇಕೇ ಬೇಕೆ ಎಂಬ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಅಡ್ಡಿಯೊಂದನ್ನು ಗುರುತಿಸಿ ಬ್ರೇಕ್ ಮೇಲೆ ಕಾಲಿಡುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿಯಿತೆಂದುಕೊಂಡರೆ, ಒಣಗಿದ ಒಳ್ಳೆಯ ರಸ್ತೆಯಲ್ಲಿಯೂ ಪೂರ್ತಿ ನಿಲ್ಲುವುದಕ್ಕೆ 65ರಿಂದ 70 ಮೀಟರ್ ಬೇಕಾಗುತ್ತದೆ. ಗಾಢ ಬಣ್ಣದ ಬಟ್ಟೆ ತೊಟ್ಟು ರಸ್ತೆಯಂಚಿನಲ್ಲಿ ನಡೆಯುವವರು ಲೋ ಬೀಮ್‌ನ ಬೆಳಕಿನಲ್ಲಿ ಅಷ್ಟು ದೂರದಿಂದ ಕಾಣಿಸುತ್ತಾರೆಂಬ ಭರವಸೆಯಿಲ್ಲ, ಏಕೆಂದರೆ ಎದುರಿನವರ ಕಣ್ಣಿಗೆ ಬೀಳಬಾರದೆಂದೇ ಲೋ ಬೀಮ್‌ನ ಮೇಲಂಚನ್ನು ಕತ್ತರಿಸಿ ಕೆಳಕ್ಕೆ ಬಾಗಿಸಿರುತ್ತಾರೆ. ಆದ್ದರಿಂದ ಇಡೀ ರಾತ್ರಿ ಲೋ ಬೀಮ್‌ನಲ್ಲೇ ಓಡಿಸುವವರು ಎದುರಿನವರಿಗೆ ಉಪಕಾರ ಮಾಡುತ್ತಾರೆ, ರಸ್ತೆಯಂಚಿನವರಿಗಲ್ಲ.

ಕೈಯಿಂದ ಡಿಪ್ ಮಾಡುವ, ಅಂದರೆ ಹೈ ಬೀಮನ್ನು ಲೋ ಬೀಮಿಗೆ ಇಳಿಸುವ, ಕ್ರಮದ ದೊಡ್ಡ ಬಲವೆಂದರೆ ಮುಂದಾಲೋಚನೆ. ಎದುರಿನ ವಾಹನ ಕಣ್ಣಿಗೆ ಬೀಳುವುದಕ್ಕೂ ಮೊದಲೇ ಅದರ ಸುಳಿವು ಸಿಗುತ್ತದೆ: ದಿಬ್ಬದ ನೆತ್ತಿಯ ಮೇಲೆ ಆಕಾಶ ಸ್ವಲ್ಪ ಬೆಳ್ಳಗಾಗುತ್ತದೆ, ತಿರುವಿನಾಚೆಯ ಮರಗಳ ಮೇಲೆ ಬೆಳಕು ಸರಿದಾಡುತ್ತದೆ, ರಸ್ತೆ ಬದಿಯ ತಂತಿಗಳು ಇದ್ದಕ್ಕಿದ್ದಂತೆ ಹೊಳೆಯುತ್ತವೆ. ರೂಢಿಯಾದ ಚಾಲಕ ಆ ಹೊತ್ತಿಗಾಗಲೇ ಬೆರಳನ್ನು ಲಿವರಿನ ಮೇಲಿಟ್ಟಿರುತ್ತಾನೆ, ಎದುರಿನ ದೀಪಗಳು ನೆತ್ತಿಯ ಮೇಲೆ ಮೂಡುವ ಕ್ಷಣಕ್ಕೆ ಸರಿಯಾಗಿ ಇತ್ತ ಲೋ ಬೀಮ್‌ಗೆ ಇಳಿದಿರುತ್ತದೆ. ಇಬ್ಬರೂ ಹಾಗೆ ಮಾಡಿದರೆ ಯಾರ ಕಣ್ಣೂ ಕುಕ್ಕುವುದಿಲ್ಲ. ವಾಹನವಲ್ಲದವರಿಗಾಗಿಯೂ ಡಿಪ್ ಮಾಡುವ ಸೌಜನ್ಯ ಈ ಕ್ರಮದಲ್ಲಿ ಮಾತ್ರ ಸಾಧ್ಯ; ಎದುರಿಗೆ ನಡೆದು ಬರುವವರು ಅಂಗೈಯನ್ನು ಕಣ್ಣಿಗೆ ಅಡ್ಡ ಹಿಡಿದುದನ್ನು ಕಂಡು ದೀಪ ಇಳಿಸುವ ಬುದ್ಧಿ ಬೇರೆ ಎರಡಕ್ಕೂ ಇಲ್ಲ.

ಇದರ ದೋಷವೂ ಮನುಷ್ಯನದೇ. ವಾಹನಗಳು ಒಂದರ ಹಿಂದೊಂದು ಬರುವ ದ್ವಿಪಥ ರಸ್ತೆಯಲ್ಲಿ ಲಿವರನ್ನು ಆಡಿಸಿ ಆಡಿಸಿ ಬೇಸರವಾಗುತ್ತದೆ, ಬೇಸರವಾದವನು ಲೋ ಬೀಮ್‌ನಲ್ಲೇ ಉಳಿದುಬಿಡುತ್ತಾನೆ. ವಿಮಾ ಕಂಪನಿಗಳ ಹಣದಿಂದ ನಡೆಯುವ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಶೋಧನಾ ಸಂಸ್ಥೆಯಾದ ಐಐಎಚ್‌ಎಸ್ ನಡೆಸಿದ ಅಧ್ಯಯನವೊಂದರಲ್ಲಿ, ಸುತ್ತಮುತ್ತ ಬೇರೆ ವಾಹನವಿಲ್ಲದೆ ಹೈ ಬೀಮ್ ಹಾಕಿಕೊಳ್ಳಬಹುದಾಗಿದ್ದ ಚಾಲಕರಲ್ಲಿ ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಜನ ಅದನ್ನು ಹಾಕಿಕೊಂಡಿದ್ದರು. ಉಳಿದವರು ಉದಾಸೀನದಿಂದಲೋ ಮರೆವಿನಿಂದಲೋ ಲೋ ಬೀಮಿನಲ್ಲೇ ಓಡಿಸುತ್ತಿದ್ದರು. ಯಂತ್ರಕ್ಕೆ ಈ ಕೆಲಸ ಒಪ್ಪಿಸಬೇಕೆಂಬ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ಬೇಕಿಲ್ಲ.

ಯಂತ್ರಕ್ಕೆ ಒಪ್ಪಿಸುವ ಆಲೋಚನೆ ಹೊಸದಲ್ಲ. ಜನರಲ್ ಮೋಟರ್ಸ್ 1952ರಲ್ಲೇ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೀಲ್ ಕಾರುಗಳ ಡ್ಯಾಶ್‌ಬೋರ್ಡ್ ಮೇಲೆ ಆಟ್ರಾನಿಕ್ ಐ ಎಂಬ ಬೆಳಕಿನ ಸಂವೇದಕವನ್ನು ಕೂರಿಸಿ ಮಾರಿತ್ತು. ಅದಕ್ಕೆ ತಿಳಿಯುತ್ತಿದ್ದುದು ಎದುರಿನ ಬೆಳಕು ಹೆಚ್ಚೋ ಕಡಿಮೆಯೋ ಎಂಬುದಷ್ಟೆ. ಇಂದಿನ ಕ್ಯಾಮೆರಾ ಬಿಳಿಯ ಜೋಡಿ ದೀಪಗಳನ್ನು ಎದುರಿನ ವಾಹನವೆಂದೂ ಕೆಂಪು ದೀಪಗಳನ್ನು ಮುಂದೆ ಹೋಗುತ್ತಿರುವ ವಾಹನವೆಂದೂ ಗುರುತಿಸಬಲ್ಲುದು, ಬೀದಿ ದೀಪಗಳ ಸಾಲನ್ನು ಬೇರೆಯಾಗಿ ತಿಳಿಯಬಲ್ಲುದು. ಸಮತಟ್ಟಾದ, ನೇರವಾದ, ಒಣಗಿದ ರಸ್ತೆಯಲ್ಲಿ ಅದು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಮುಂದಿನ ವಾಹನದ ಟೇಲ್ ಲೈಟ್ ನನಗೆ ಚುಕ್ಕೆಯಾಗಿ ಕಾಣುವ ಮೊದಲೇ ಡಿಪ್ ಮಾಡಿದ್ದನ್ನು ಎಷ್ಟೋ ಸಲ ಮೆಚ್ಚಿದ್ದೇನೆ.

ಆದರೆ ರಸ್ತೆಗಳು ಸಮತಟ್ಟಾಗಿಯೂ ನೇರವಾಗಿಯೂ ಇರುವುದು ಅಪರೂಪ. ಅನೇಕ ದೇಶಗಳು ಒಪ್ಪಿರುವ ವಿಶ್ವಸಂಸ್ಥೆಯ 48ನೇ ವಾಹನ ನಿಯಮವು ಇಂಥ ವ್ಯವಸ್ಥೆ ಎದುರಿನ ಮೋಟಾರು ವಾಹನವನ್ನು ಕನಿಷ್ಠ 400 ಮೀಟರ್ ದೂರದಿಂದ, ಮುಂದೆ ಹೋಗುತ್ತಿರುವ ವಾಹನವನ್ನು 100 ಮೀಟರ್ ದೂರದಿಂದ, ಎದುರು ಬರುವ ಸೈಕಲ್ಲನ್ನು 75 ಮೀಟರ್ ದೂರದಿಂದ ಗುರುತಿಸಬೇಕೆಂದು ಹೇಳುತ್ತದೆ. ಆ ದೂರಗಳನ್ನು ಹೇಳಿರುವುದೂ ನೇರವಾದ ಸಮತಟ್ಟು ರಸ್ತೆಗೇ. ಎರಡು ಕಾರುಗಳು ತಲಾ 80ರ ವೇಗದಲ್ಲಿ ಎದುರಾದರೆ 400 ಮೀಟರ್ ಅಂತರ ಒಂಬತ್ತು ಸೆಕೆಂಡುಗಳಲ್ಲಿ ಕರಗುತ್ತದೆ, ಅಷ್ಟು ಸಮಯವಿದ್ದಾಗ ಅರ್ಧ ಸೆಕೆಂಡಿನ ತಡ ಲೆಕ್ಕಕ್ಕಿಲ್ಲ. ದಿಬ್ಬದ ನೆತ್ತಿಯಲ್ಲಿಯೋ ಕಡಿದಾದ ತಿರುವಿನಲ್ಲಿಯೋ ವಾಹನ ಮೊದಲು ಕಾಣುವುದೇ 100 ಮೀಟರ್ ಒಳಗೆ. ಕ್ಯಾಮೆರಾಗೆ ಹೊಳಪು ಕಾಣುವುದು ಸಾಲದು, ಅದು ದೀಪವೆಂದು ಖಚಿತವಾಗಬೇಕು, ಖಚಿತವಾದ ಮೇಲೆ ಆರಬೇಕು. ಅಷ್ಟರೊಳಗೆ ಎದುರಿನವರ ಕಣ್ಣಿಗೆ ಹೈ ಬೀಮ್ ಹೊಡೆದಾಗಿರುತ್ತದೆ, ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ ಹಲವು ಸೆಕೆಂಡುಗಳೇ ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ನಾನು ಆಟೋ ಹೈ ಬೀಮ್ ಬಳಸಿದ ಕಾರಿನಲ್ಲಿ ಗುಡ್ಡಗಾಡಿನ ರಸ್ತೆ ಬಂತೆಂದರೆ ಎದುರಿನಿಂದ ಸಿಡುಕಿನ ಫ್ಲ್ಯಾಶ್ ಬರುವುದು ವಾಡಿಕೆಯೇ ಆಗಿಬಿಟ್ಟಿತ್ತು.

ಡಿವೈಡರ್ ಇರುವ ಹೆದ್ದಾರಿಯಲ್ಲಿ ತೊಂದರೆ ಬೇರೆ ತೆರನದು. ನಡುವಿನ ತಡೆಗೋಡೆಯೋ ಗಿಡಗಳೋ ಎದುರಿನ ಲಾರಿಯ ಹೆಡ್‌ಲೈಟ್‌ಗಳನ್ನು ಮರೆಮಾಡುತ್ತವೆ, ಆದರೆ ಎತ್ತರದ ಕ್ಯಾಬಿನ್‌ನಲ್ಲಿ ಕೂತ ಚಾಲಕನ ಕಣ್ಣು ಆ ತಡೆಗಿಂತ ಮೇಲಿರುತ್ತದೆ. ಕ್ಯಾಮೆರಾದ ಪಾಲಿಗೆ ಅಲ್ಲಿ ವಾಹನವೇ ಇಲ್ಲ. ಒಂದೇ ದೀಪದ ದ್ವಿಚಕ್ರ ವಾಹನಗಳ ವಿಷಯದಲ್ಲಿಯೂ ಅದರ ತೀರ್ಮಾನ ತಡವಾಗುತ್ತದೆ, ಹಿಂದಿನ ದೀಪ ಮಂಕಾಗಿದ್ದರಂತೂ ಬಹಳ ಹತ್ತಿರ ಹೋಗುವವರೆಗೂ ಹೈ ಬೀಮ್ ಆ ಸವಾರನ ಕನ್ನಡಿಗಳನ್ನು ತುಂಬಿಕೊಂಡಿರುತ್ತದೆ. ಪಾದಚಾರಿಗಳ ಮಾತಂತೂ ಎತ್ತುವ ಹಾಗೇ ಇಲ್ಲ. ಮೇಲೆ ಹೇಳಿದ ದೂರಗಳ ಪಟ್ಟಿಯಲ್ಲಿ ದೀಪವಿರುವ ಸೈಕಲ್ಲಿಗೆ ಜಾಗವಿದೆ, ನಡೆಯುವವರಿಗಿಲ್ಲ. ಈ ಕ್ಯಾಮೆರಾ ಹುಡುಕುವುದು ದೀಪವನ್ನು, ದೀಪವಿಲ್ಲದ ಮನುಷ್ಯನನ್ನಲ್ಲ.

ಇದಕ್ಕೆ ತದ್ವಿರುದ್ಧವಾದ ಕಿರಿಕಿರಿಯೂ ಇದೆ, ಅಂದರೆ ಕಾರಣವಿಲ್ಲದೆ ಡಿಪ್ ಆಗುವುದು. ದೊಡ್ಡ ದಿಕ್ಸೂಚಿ ಫಲಕಗಳು, ತಿರುವಿನ ಬಾಣದ ಗುರುತುಗಳು, ರಸ್ತೆಯಂಚಿನ ಪ್ರತಿಫಲಕಗಳು ನಮ್ಮದೇ ಬೆಳಕನ್ನು ನಮಗೆ ಮರಳಿಸುತ್ತವೆ, ಕ್ಯಾಮೆರಾ ಅದನ್ನು ಎದುರಿನ ವಾಹನವೆಂದು ಭಾವಿಸಿ ದೀಪ ಇಳಿಸುತ್ತದೆ. ಇಳಿದ ಕೂಡಲೇ ಫಲಕದ ಹೊಳಪು ಮಾಯವಾಗುತ್ತದೆ, ರಸ್ತೆ ಖಾಲಿಯೆಂದುಕೊಂಡು ಮತ್ತೆ ಏರಿಸುತ್ತದೆ, ಫಲಕ ಮತ್ತೆ ಹೊಳೆಯುತ್ತದೆ. ಸಾಲಾಗಿ ಬಾಣದ ಗುರುತುಗಳಿರುವ ತಿರುವಿನಲ್ಲಿ, ರಸ್ತೆಯ ಅಂಚು ಅತ್ಯಂತ ಸ್ಪಷ್ಟವಾಗಿ ಕಾಣಬೇಕಾದ ಹೊತ್ತಿನಲ್ಲೇ, ಬೆಳಕು ಹೀಗೆ ಹೊತ್ತಿ ಆರುತ್ತಿರುತ್ತದೆ. ದೂರದಿಂದ ನೋಡುವವರಿಗೆ ಇದು ಫ್ಲ್ಯಾಶ್ ಹೊಡೆದಂತೆಯೇ ಕಾಣುತ್ತದೆ ಎಂಬುದು ನನ್ನ ಮಟ್ಟಿಗೆ ಇದರ ಗಂಭೀರ ದೋಷ. ಕೆಲವರು ಫ್ಲ್ಯಾಶನ್ನು ‘ನೀವು ಮೊದಲು ಹೋಗಿ’ ಎಂದು ಓದಿಕೊಳ್ಳುತ್ತಾರೆ, ಕೆಲವರು ‘ನಾನು ಬರುತ್ತಿದ್ದೇನೆ, ನಿಲ್ಲಿ’ ಎಂದು. ನಾನು ಏನನ್ನೂ ಹೇಳದಿರುವಾಗ ನನ್ನ ಕಾರು ನನ್ನ ಪರವಾಗಿ ಇಂಥ ಮಾತನಾಡುವುದು ನನಗೆ ಒಪ್ಪಿಗೆಯಿಲ್ಲ.

ಮಳೆ, ಮಂಜು, ಕೊಳೆಯಾದ ಮುಂಗಾಜು ಇವುಗಳಲ್ಲಿ ಕ್ಯಾಮೆರಾ ಎಡವುತ್ತದೆಂದು ಕಾರಿನ ಕೈಪಿಡಿಗಳೇ ಎಚ್ಚರಿಸುತ್ತವೆ, ಹಾಗಾಗಿ ಅದನ್ನು ಬೆಳೆಸುವುದಿಲ್ಲ. ಬಹುತೇಕ ಕಾರುಗಳಲ್ಲಿ ಒಂದು ನಿರ್ದಿಷ್ಟ ವೇಗ ದಾಟಿದ ಮೇಲಷ್ಟೇ ಇದು ಕೆಲಸಕ್ಕಿಳಿಯುವುದರಿಂದ ನಿಧಾನವಾಗಿ ಸಾಗಬೇಕಾದ ಹಾಳು ರಸ್ತೆಯಲ್ಲಿ, ಗುಂಡಿಗಳು ಕಾಣಲೇಬೇಕಾದಾಗ, ಇದರಿಂದ ಬೆಳಕಿನ ಸಹಾಯ ಸಿಗುವುದಿಲ್ಲ ಎಂಬುದನ್ನು ಮಾತ್ರ ಸೇರಿಸುತ್ತೇನೆ.

ಇಷ್ಟೆಲ್ಲ ದೋಷಗಳಿದ್ದರೂ, ತಪ್ಪಿದಾಗ ತಕ್ಷಣ ತಿದ್ದುವಂತಿದ್ದರೆ ಸಹಿಸಿಕೊಳ್ಳಬಹುದಿತ್ತು. ಕೈಯ ಕ್ರಮದಲ್ಲಿ ಲಿವರಿಗೆ ಎರಡೇ ಸ್ಥಾನಗಳು, ಬೆರಳಿಗೆ ಗೊಂದಲವಿಲ್ಲ. ನಾನು ಬಳಸಿದ ಆಟೋ ಕಾರಿನಲ್ಲಿ ಅದೇ ಲಿವರನ್ನು ಮುಂದಕ್ಕೆ ತಳ್ಳಿದರೆ ಆಟೋ ಕ್ರಮ ಜಾರಿಯಾಗುತ್ತಿತ್ತು, ಮತ್ತೊಮ್ಮೆ ತಳ್ಳಿದರೆ ರದ್ದಾಗುತ್ತಿತ್ತು, ತನ್ನತ್ತ ಎಳೆದರೆ ದೀಪ ಇಳಿಯುವ ಬದಲು ಎದುರಿನವರಿಗೆ ಇನ್ನೊಂದು ಫ್ಲ್ಯಾಶ್ ಬೀಳುತ್ತಿತ್ತು. ಯಂತ್ರ ಡಿಪ್ ಮಾಡೀತೆಂದು ಅರ್ಧ ಸೆಕೆಂಡ್ ಕಾಯಬೇಕು, ಮಾಡಲಿಲ್ಲವೆಂದು ಕಂಡು ಕೈಹಾಕಬೇಕು, ಕೈಹಾಕಿದ ಕ್ಷಣದಲ್ಲೇ ಅದು ತಾನಾಗಿ ಡಿಪ್ ಮಾಡಿದ್ದರೆ ನನ್ನ ತಳ್ಳುವಿಕೆಯ ಅರ್ಥವೇ ಬದಲಾಗುತ್ತದೆ. ಹೊಸದಾಗಿ ಕಾರು ಕಲಿಯುತ್ತಿರುವವರ ಪಕ್ಕದಲ್ಲಿ ಕೂತು ಅವರ ಕಾಲನ್ನೇ ನೋಡುತ್ತಿರುವ ಸ್ಥಿತಿ ಇದು: ಓಡಿಸುವ ಶ್ರಮ ತಪ್ಪಿತು, ಕಾಯುವ ಶ್ರಮ ಬಂತು. ದಣಿವು ತಗ್ಗಿಸಬೇಕಾದ ಸೌಲಭ್ಯ ದಣಿವನ್ನು ಬೇರೆ ಕಡೆಗೆ ಸಾಗಿಸಿತಷ್ಟೆ. ಅದನ್ನು ಆರಿಸಿಟ್ಟರೂ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದಾಗ ತಾನಾಗಿ ಜಾರಿಗೆ ಬರುತ್ತಿದ್ದುದು ಇದರ ಮೇಲಿನ ಉಪ್ಪು ಖಾರ.

ಮ್ಯಾಟ್ರಿಕ್ಸ್ ದೀಪ ಈ ಹೊತ್ತಿಸು-ಆರಿಸು ಎಂಬ ಚೌಕಟ್ಟನ್ನೇ ಬಿಟ್ಟುಕೊಡುತ್ತದೆ. ಹೈ ಬೀಮನ್ನು ಅನೇಕ ಎಲ್‌ಇಡಿಗಳಾಗಿ ಹಂಚಿ, ಎದುರಿನ ವಾಹನದ ಮೇಲೆ ಬೀಳುವವನ್ನಷ್ಟೇ ಮಂಕಾಗಿಸಿ, ವಾಹನ ಸರಿದಂತೆ ಆ ಕತ್ತಲ ಕಿಂಡಿಯನ್ನೂ ಸರಿಸುತ್ತದೆ. 2013ರ ಆಡಿ ಎ8 ಕಾರಿನ ಪ್ರತಿ ಹೆಡ್‌ಲೈಟ್‌ನ ಹೈ ಬೀಮ್‌ನಲ್ಲಿ 25 ಎಲ್‌ಇಡಿಗಳಿದ್ದವು. ಮುಂದೆ ಮರ್ಸಿಡಿಸ್ ತಂದ ಡಿಜಿಟಲ್ ಲೈಟ್‌ನಲ್ಲಿ ಒಂದೊಂದು ದೀಪಕ್ಕೂ ಹತ್ತು ಲಕ್ಷಕ್ಕಿಂತ ಹೆಚ್ಚು ಸೂಕ್ಷ್ಮ ಕನ್ನಡಿಗಳಿವೆ. ಹೆಡ್‌ಲೈಟ್ ಎಂದರೆ ಒಂದು ಹೈ ಬೀಮ್, ಒಂದು ಲೋ ಬೀಮ್ ಎಂದು ನಿಯಮ ಬರೆದುಕೊಂಡಿದ್ದ ಅಮೆರಿಕ ಇದಕ್ಕೆ ಅನುಮತಿ ಕೊಟ್ಟಿದ್ದು 2022ರಲ್ಲಿ.

ಉದ್ದನೆಯ ನೇರ ಹೆದ್ದಾರಿಯಲ್ಲಿ ಇದರ ಸುಖವನ್ನು ಒಮ್ಮೆ ಕಂಡವರು ಹಿಂದಿನದಕ್ಕೆ ಮರಳುವುದು ಕಷ್ಟ. ಮುಂದಿನ ಲಾರಿಯ ಹಿಂಭಾಗ ಕತ್ತಲಲ್ಲಿರುತ್ತದೆ, ಅದರ ಎಡಬಲಗಳಲ್ಲಿ ರಸ್ತೆಯಂಚು ಹಗಲಿನಂತೆ ಬೆಳಗಿರುತ್ತದೆ. ನಡೆಯುವವರೋ ದನವೋ ಅಂಚಿನಲ್ಲಿದ್ದರೆ ವಾಹನಗಳ ಸಾಲಿನ ನಡುವೆಯೂ ಕಾಣುತ್ತದೆ. ಉಳಿದೆರಡು ಕ್ರಮಗಳಲ್ಲಿ ಇದು ಸಾಧ್ಯವೇ ಇಲ್ಲ. ಹಠಾತ್ತಾಗಿ ಎಲ್ಲ ಬೆಳಕೂ ಇಲ್ಲವಾಗುವ ಆಘಾತ ಇಲ್ಲದಿರುವುದರಿಂದ ಕಣ್ಣಿಗೂ ವಿಶ್ರಾಂತಿ.

ಆದರೆ ಇದಕ್ಕಿರುವ ಕಣ್ಣು ಅದೇ ಕ್ಯಾಮೆರಾ. ದಿಬ್ಬದ ನೆತ್ತಿ, ಡಿವೈಡರ್ ಹಿಂದಿನ ಲಾರಿ, ಮಂಕು ದೀಪದ ದ್ವಿಚಕ್ರ ಇವೆಲ್ಲವೂ ಇಲ್ಲಿಯೂ ಸಮಸ್ಯೆಗಳೇ, ಪ್ರಮಾಣ ಕಡಿಮೆಯೆನ್ನಬಹುದು. ತಿರುವುಗಳು ಹೆಚ್ಚಿರುವ ರಸ್ತೆಯಲ್ಲಿ ಬೆಳಕಿನ ತುಂಡುಗಳು ಸರಿದಾಡುವುದೇ ಗಮನ ಸೆಳೆಯುತ್ತದೆ. ಇದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಆಟೋ ಹೈ ಬೀಮ್ ಡಿಪ್ ಮಾಡದಿದ್ದರೆ, ಹೈ ಬೀಮ್ ಹೊತ್ತಿದೆಯೆಂದು ತೋರಿಸುವ ಡ್ಯಾಶ್‌ಬೋರ್ಡಿನ ನೀಲಿ ಗುರುತು ಆರುವುದಿಲ್ಲ, ತಪ್ಪು ನನಗೆ ತಿಳಿಯುತ್ತದೆ. ಮ್ಯಾಟ್ರಿಕ್ಸ್‌ನಲ್ಲಿ ವಾಹನ ಎದುರಾದಾಗಲೂ ನೀಲಿ ಗುರುತು ಹೊತ್ತಿಕೊಂಡೇ ಇರುತ್ತಿತ್ತು, ರಸ್ತೆಯೂ ಬೆಳಗಿಕೊಂಡೇ ಇರುತ್ತಿತ್ತು. ಕತ್ತಲ ಕಿಂಡಿ ಸರಿಯಾದ ಜಾಗದಲ್ಲಿ ಕೂತಿದೆಯೋ ಒಂದಡಿ ಪಕ್ಕಕ್ಕೆ ಸರಿದು ಎದುರಿನವರ ಕಣ್ಣಿಗೆ ಬೆಳಕು ಬೀಳುತ್ತಿದೆಯೋ ಎಂಬುದು ನನ್ನ ಸೀಟಿನಿಂದ ನಿರ್ಣಯವಾಗುವುದಿಲ್ಲ. ಅವರು ಫ್ಲ್ಯಾಶ್ ಹೊಡೆದರೆ ಮಾತ್ರ ಗೊತ್ತು. ಸ್ನೇಹಿತರೊಬ್ಬರಿಗೆ ಕಾರು ಕೊಟ್ಟು ಎದುರಿನಿಂದ ಬರಲು ಹೇಳಿ ನಿಂತು ನೋಡಿದೆ: ನೇರ ರಸ್ತೆಯಲ್ಲಿ ಲೋ ಬೀಮ್‌ಗಿಂತ ಹೆಚ್ಚೇನೂ ಕುಕ್ಕಲಿಲ್ಲ, ತಿರುವಿನಿಂದ ಹೊರಬರುವಾಗ ಮಾತ್ರ ಒಂದು ಕ್ಷಣ ಪೂರ್ತಿ ಹೈ ಬೀಮೇ ಕಣ್ಣಿಗೆ ಬಿತ್ತು. ನಿಂತವನಿಗೆ ಅದು ಕ್ಷಣ, ಅದೇ ತಿರುವಿಗೆ ಸ್ಟೀರಿಂಗ್ ತಿರುಗಿಸುತ್ತಿರುವವರಿಗೆ ಅಷ್ಟು ಚಿಕ್ಕದಲ್ಲ.

ಹೀಗಾಗಿ ಹಣದ ಮಾತು ಬದಿಗಿಟ್ಟು ಆಯ್ದುಕೊಳ್ಳುವುದಾದರೆ, ಹೆಚ್ಚಾಗಿ ದೂರದ ನೇರ ಹೆದ್ದಾರಿಗಳಲ್ಲಿ ಓಡಿಸುವವರಿಗೆ ಮ್ಯಾಟ್ರಿಕ್ಸ್ ಎನ್ನುತ್ತೇನೆ. ಗುಡ್ಡ ತಿರುವುಗಳ ದ್ವಿಪಥ ರಸ್ತೆಯೇ ಗತಿಯೆನ್ನುವವರಿಗೆ ಕೈಯ ಲಿವರಿಗಿಂತ ಮೇಲಿನದಿಲ್ಲ. ಮ್ಯಾಟ್ರಿಕ್ಸ್ ಇರುವ ಕಾರಿನಲ್ಲಿಯೂ ಅಂಥ ರಸ್ತೆ ಬಂದಾಗ ನಾನು ಕೈಯ ಕ್ರಮಕ್ಕೇ ಬದಲಿಸುತ್ತೇನೆ. ಬರೀ ಆಟೋ ಹೈ ಬೀಮ್ ಇರುವ ಕಾರು ಸಿಕ್ಕರೆ, ಹೈ ಬೀಮನ್ನು ಮುಟ್ಟಲೂ ಮರೆಯುವ ಚಾಲಕರಿಗೆ ಅದು ಲಾಭವೇ. ಡಿಪ್ ಮಾಡುವ ಅಭ್ಯಾಸ ಬೆರಳಿಗೆ ಇಳಿದಿರುವವರು ಅದನ್ನು ಆರಿಸಿಡುವುದು ಲೇಸು.

ಕೊಳ್ಳುವ ಮುನ್ನ ಪರೀಕ್ಷಾ ಓಟವನ್ನು ಕತ್ತಲಾದ ಮೇಲೆ ಕೇಳಿ ಪಡೆಯುವುದು ಒಳ್ಳೆಯದು, ಏಕೆಂದರೆ ಹಗಲಿನ ಓಟದಲ್ಲಿ ಇದರ ಒಂದಂಶವೂ ತಿಳಿಯುವುದಿಲ್ಲ. ಮೊದಲೇ ಹೇಳಿದ 48ನೇ ನಿಯಮವು ಹೈ ಬೀಮನ್ನೂ ಅದರ ಸ್ವಯಂಚಾಲನೆಯನ್ನೂ ಸರಳವಾಗಿ, ತಕ್ಷಣವೇ, ಪರದೆಯ ಉಪಮೆನುಗಳೊಳಗೆ ಹೋಗದೆ ಕೈಯಿಂದ ಆರಿಸುವಂತಿರಬೇಕೆಂದು ವಿಧಿಸುತ್ತದೆ. ಆ ಕೆಲಸವನ್ನು ರಸ್ತೆಯಿಂದ ಕಣ್ಣು ತೆಗೆಯದೆ, ಬೆರಳಿನ ಒಂದೇ ಚಲನೆಯಲ್ಲಿ ಮಾಡಲಾಗುತ್ತದೆಯೇ ಎಂದು ಅಲ್ಲಿಯೇ ಮಾಡಿ ನೋಡಬೇಕು, ಕಾರನ್ನು ಒಮ್ಮೆ ಪೂರ್ತಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ನಮ್ಮ ಆಯ್ಕೆ ಉಳಿದಿದೆಯೇ ಎಂದೂ ನೋಡಬೇಕು. ಇವೆರಡರ ಉತ್ತರವನ್ನು ಮಾರಾಟಗಾರರಿಂದ ಕೇಳಿ ತಿಳಿಯುವುದಕ್ಕಿಂತ ಬೆರಳಿನಿಂದ ತಿಳಿಯುವುದು ಬೇಗ.